ಅನ್ನದಲ್ಲಿ ಮದ್ದು ಎಂಬ ಮಾತು

ಓದುಗ ಬಂಧುಗಳಲ್ಲಿ ಮೂವರು ಹೆಚ್ಚುಕಡಿಮೆ ಒಂದೇ ಬಗೆಯ ಪತ್ರಗಳನ್ನು ನಮಗೆ ಬರೆದಿದ್ದಾರೆ. ಒಬ್ಬರ ತಂದೆಯವರು ತಿಜೋರಿಯ ಕೀಲಿಕೈಯನ್ನು ಮಗನೇ ಅಪಹರಿಸಿದನೆಂದು ನೆರೆಹೊರೆಯವರಲ್ಲೆಲ್ಲ ಹೇಳಿಕೊಳ್ಳುತ್ತಿದ್ದಾರೆ. ಇನ್ನೊಬ್ಬರ ಅತ್ತೆಯವರು ಮನೆಯಲ್ಲಿ ಬೇಯಿಸಿದ ಅನ್ನವನ್ನು ಮುಟ್ಟುತ್ತಿಲ್ಲ. ಮತ್ತೊಬ್ಬ ಸೋದರಿಯ ಪತಿ ನಲವತ್ತು ವರ್ಷಗಳ ದಾಂಪತ್ಯದ ಅನಂತರ ಹೆಂಡತಿಯ ಶೀಲವನ್ನೇ ಶಂಕಿಸತೊಡಗಿದ್ದಾರೆ. ಮೂವರೂ ಕೊನೆಯಲ್ಲಿ ಕೇಳಿರುವ ಪ್ರಶ್ನೆ ಒಂದೇ: ಇದು ಹುಚ್ಚಿನ ಆರಂಭವೇ, ಸ್ಕಿಜೋಫ್ರೇನಿಯಾ ಎನ್ನುತ್ತಾರಲ್ಲ, ಅದೇ ಇದೋ? ಉತ್ತರ ಹೇಳುವ ಮೊದಲು, ಇಂತಹುದೇ ಸಂದರ್ಭದಲ್ಲಿ ನಾವು ಎಡವಿದ ಒಂದು ಪ್ರಸಂಗವನ್ನು ಓದುಗರ ಮುಂದೆ ಒಪ್ಪಿಸಿಕೊಳ್ಳಬೇಕಾಗಿದೆ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಒಕ್ಕಲುತನದ ಮನೆತನವೊಂದಿದೆ. ಯಜಮಾನರು ತೀರಿಕೊಂಡಿದ್ದರು. ಹಿರಿಯ ತಾಯಿಯವರಿಗೆ ಎಪ್ಪತ್ತರ ಸಮೀಪದ ವಯಸ್ಸು, ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಒಬ್ಬನೇ ಮಗ. ಸೊಸೆ ಬಂದು ಹದಿನೆಂಟು ವರ್ಷಗಳಾಗಿದ್ದವು. ಅತ್ತೆ ಸೊಸೆಯರು ತಾಯಿ ಮಗಳಂತಿದ್ದರೆಂದು ಊರೇ ಹೇಳುತ್ತಿತ್ತು. ಅಂತಹ ತಾಯಿಯವರು ಒಂದು ದಿನ ತಾಟನ್ನು ಪಕ್ಕಕ್ಕೆ ಸರಿಸಿ, “ಇದರಾಗ ಏನೋ ಕಲಿಸ್ಯಾರ, ನಾಲಿಗಿ ಉರೀತದ” ಎಂದರು. ಮರುದಿನವೂ ಅದೇ ಮಾತು. ತಿಂಗಳೊಪ್ಪತ್ತಿನಲ್ಲಿ ಅದು “ಸೊಸಿ ಮದ್ದು ಹಾಕ್ಯಾಳ” ಎಂಬ ನಿಶ್ಚಯವಾಗಿ ನಿಂತಿತು. ಮದ್ದು ತೆಗೆಯುವವನೊಬ್ಬನ ಬಳಿಗೆ ಸಂಬಂಧಿಕರು ಕರೆದೊಯ್ದರು. ಆತ ಏನನ್ನೋ ಕುಡಿಸಿ ವಾಂತಿ ಮಾಡಿಸಿ, ಹೊರಬಿದ್ದುದರಲ್ಲಿ ಕರಿಯ ಚೂರೊಂದನ್ನು ತೋರಿಸಿದ. ತಾಯಿಯವರು ಹಾಸಿಗೆ ಹಿಡಿದರು. ನಿಶ್ಚಯವು ಮತ್ತಷ್ಟು ಬಲವಾಯಿತು.

ಆಗ ಆ ಮನೆಯ ಮಗ ನಮ್ಮಲ್ಲಿಗೆ ಬಂದನು. ನಾವು ಹೋಗಿ ಇಬ್ಬರ ಮಾತನ್ನೂ ಕೇಳಿದೆವು. ಬಹು ಜಾಣತನದ ಸಲಹೆಯೆಂದು ಭಾವಿಸಿ, ಇನ್ನು ಮುಂದೆ ಸೊಸೆಯು ಅತ್ತೆಯ ಎದುರಿನಲ್ಲಿಯೇ ಅದೇ ತಾಟಿನಿಂದ ಮೊದಲ ತುತ್ತನ್ನು ತಾನುಂಡು ತೋರಿಸಲಿ ಎಂದು ವಿಧಿಸಿ ಬಂದೆವು. ಆ ಹೆಣ್ಣುಮಗಳು ತಲೆ ತಗ್ಗಿಸಿ ಹಾಗೆಯೇ ಮಾಡಿದಳು. ಎರಡನೆಯ ದಿನ ತಾಯಿಯವರು ಮಗನಿಗೆ ಹೇಳಿದರಂತೆ: “ಆಕಿ ಮೊದಲ ಅದಕ್ಕ ಉತಾರ ಕುಡದ ಬರ್ತಾಳ. ಅದಕ್ಕ ಆಕಿಗಿ ಏನೂ ಆಗೂದಿಲ್ಲ.” ವಿಷಕ್ಕೆ ಪ್ರತಿಯಾದ ಔಷಧವನ್ನು ಮೊದಲೇ ಕುಡಿದಿರುತ್ತಾಳೆ ಎಂಬುದು ಅವರ ವಾದ. ಇಪ್ಪತ್ತು ದಿನಗಳವರೆಗೆ ಎರಡು ಹೊತ್ತೂ ತಾನು ನಿರಪರಾಧಿಯೆಂದು ಉಂಡು ತೋರಿಸಿದ ಆ ಸೊಸೆ, ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ತವರುಮನೆಗೆ ಹೊರಟುಹೋದಳು.

ನಾವು ಎಡವಿದ್ದು ಎಲ್ಲಿ ಎಂಬುದನ್ನು ನಮ್ಮ ಓದೇ ನಮಗೆ ತಿಳಿಸಬೇಕಾಗಿತ್ತು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವರು ನಾವು. ಮಬ್ಬುಗತ್ತಲೆಯಲ್ಲಿ ಎದುರಿಗೆ ಕಾಣುವುದು ಮೋಟುಮರವೋ ಮನುಷ್ಯನೋ ಎಂದು ಮನಸ್ಸು ಎರಡರ ನಡುವೆ ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಕಂಡು ಇದು ಬೆಳ್ಳಿಯೇ ಎಂದು ನಿಶ್ಚಯಿಸುವುದು ವಿಪರ್ಯಯ. ಸಂಶಯವುಳ್ಳವನಿಗೆ ಪ್ರಮಾಣವನ್ನು ತೋರಿಸಿದರೆ ಆತನ ಸಂಶಯ ನಿವೃತ್ತಿಯಾಗುತ್ತದೆ. ವಿಪರ್ಯಯದಲ್ಲಿ ಸಿಲುಕಿದವನಿಗಾದರೋ ತಾನು ಪ್ರಮಾಣವನ್ನು ಅರಸಬೇಕೆಂದೇ ತೋರುವುದಿಲ್ಲ. ಲೋಕರೂಢಿಯಲ್ಲಿ ನಾವು ಸಂಶಯದ ರೋಗವೆಂದು ಕರೆಯುವುದರಲ್ಲಿ ನಿಜವಾಗಿ ಸಂಶಯವೇ ಇರುವುದಿಲ್ಲ. ಅಲ್ಲಿರುವುದು ಅಲುಗಾಡದ ನಿಶ್ಚಯ. ವೈದ್ಯರು ಪ್ಯಾರನೋಯಾ ಎಂದು ಕರೆಯುವ ಈ ಸ್ಥಿತಿ ಬಲಿತು ಭ್ರಮೆಯಾದಾಗ ಆಣೆ, ಸಾಕ್ಷಿ, ಪರೀಕ್ಷೆ ಯಾವುದೂ ನಾಟುವುದಿಲ್ಲ. ನಾವು ವಿಧಿಸಿದ ಪರೀಕ್ಷೆಯಿಂದ ಅತ್ತೆಗೆ ಗುಣವಾಗಲಿಲ್ಲ, ಸೊಸೆಗೆ ಅವಮಾನವಾಯಿತು.

ಮುಂದಿನ ಸಂಗತಿ ಆಕಸ್ಮಿಕವಾಗಿ ನಡೆಯಿತು. ತಾಯಿಯವರ ನಡಿಗೆ ತೊಡರತೊಡಗಿತ್ತು. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದರು. ಹುಬ್ಬಳ್ಳಿಯ ವೈದ್ಯರೊಬ್ಬರು ಕೈಕಾಲುಗಳನ್ನು ನೋಡಿ, ಬಾಯಿ ತೆರೆಸಿ ನಾಲಿಗೆಯನ್ನು ನೋಡಿದರಂತೆ. ಅದು ಮೇಲಿನ ಒರಟುತನವನ್ನೆಲ್ಲ ಕಳೆದುಕೊಂಡು ಕೆಂಪಗೆ ನುಣುಪಾಗಿತ್ತು. ಪಾದಗಳಲ್ಲಿ ಜುಮುಜುಮು ಎನ್ನುತ್ತದೆಯೇ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಎಷ್ಟು ವರ್ಷಗಳಿಂದ ನುಂಗುತ್ತಿದ್ದಾರೆ, ಹಾಲು ಮೊಸರು ಎಷ್ಟು ಸೇವಿಸುತ್ತಾರೆ ಎಂದು ವಿಚಾರಿಸಿದರು. ರಕ್ತ ಪರೀಕ್ಷೆಯಲ್ಲಿ ಬಿ12 ಜೀವಸತ್ವವು ತೀರ ಕೆಳಗಿಳಿದಿದ್ದುದು ಕಂಡಿತು. ನಾಲಿಗೆ ಉರಿಯುತ್ತಿದ್ದುದು ಸುಳ್ಳಾಗಿರಲಿಲ್ಲ. ಉರಿಯ ಕಾರಣವು ರಕ್ತದಲ್ಲಿತ್ತು. ಅದೇ ಕೊರತೆಯಿಂದ ಬಳಲಿದ್ದ ಮಿದುಳು ಆ ಉರಿಗೆ ಸೊಸೆಯ ಕೈಯನ್ನು ಕಾರಣವಾಗಿ ಕಲ್ಪಿಸಿಕೊಂಡಿತ್ತು.

ಚುಚ್ಚುಮದ್ದು ಆರಂಭವಾಯಿತು. ಮೊದಲು ನಾಲಿಗೆಯ ಉರಿ ನಿಂತಿತು. ಎರಡು ಮೂರು ತಿಂಗಳುಗಳಲ್ಲಿ ಮದ್ದಿನ ಮಾತು ಕಡಿಮೆಯಾಗುತ್ತ ಬಂದು, ಒಂದು ದಿನ ತಾಯಿಯವರೇ ಮಗನನ್ನು “ಸೊಸಿ ಇನ್ನೂ ಯಾಕ ಬಂದಿಲ್ಲೋ, ಹೋಗಿ ಕರಕೊಂಡು ಬಾ” ಎಂದರು. ಮಗ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದನು. ಮೂರನೆಯ ಸಲ ನಾವೂ ಜೊತೆಗೆ ಹೋದೆವು. ಆ ಹೆಣ್ಣುಮಗಳು ನಮಗೆ ನೀರು ಕೊಟ್ಟು, ಎದುರಿಗೆ ನಿಂತು, “ನಮ್ಮ ಅತ್ತಿಯವರಿಗೆ ಜಡ್ಡಿತ್ತರಿ. ನಿಮಗೇನಾಗಿತ್ರಿ ಗುರುಗಳ?” ಎಂದಳು. ಆಕೆ ಮರಳಿ ಬಂದದ್ದು ನಮ್ಮ ಮಾತಿನಿಂದಲ್ಲ. ಅತ್ತೆಯವರೇ ಬಾಡಿಗೆ ಗಾಡಿ ಮಾಡಿಸಿಕೊಂಡು ಹೋದ ಮೇಲೆ.

ಈ ಬಿ12ರ ವಿಷಯವನ್ನು ನಮ್ಮ ಶಾಕಾಹಾರಿ ಮನೆಗಳವರು ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ. ಈ ಜೀವಸತ್ವವು ಸಸ್ಯಗಳಲ್ಲಿ ಇಲ್ಲವೆಂದೇ ಹೇಳಬೇಕು. ನಮಗೆ ದೊರೆಯುವುದೆಲ್ಲ ಹಾಲು, ಮೊಸರು, ಮಜ್ಜಿಗೆಗಳಿಂದಲೇ. ವಯಸ್ಸಾದಂತೆ ಜಠರದ ರಸ ತಗ್ಗಿ ಅದನ್ನು ಹೀರುವ ಶಕ್ತಿ ಕುಂದುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನಾಗಲಿ ಎದೆಯುರಿಯ ಮಾತ್ರೆಯನ್ನಾಗಲಿ ವರ್ಷಗಟ್ಟಲೆ ನುಂಗಿದರೆ ಇನ್ನಷ್ಟು ಕುಂದುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳ ಸಂಗ್ರಹವಿರುವುದರಿಂದ ಕೊರತೆಯು ಸದ್ದಿಲ್ಲದೆ ಬರುತ್ತದೆ. ರಕ್ತಹೀನತೆಯಿಲ್ಲದ ಕಾರಣ ಚಿಂತೆಯಿಲ್ಲ ಎಂಬ ಸಮಾಧಾನವೂ ಸಲ್ಲದು. 1988ರಲ್ಲಿ ಅಮೆರಿಕದ ವೈದ್ಯ ಲಿಂಡನ್‌ಬಾಮ್ ಮತ್ತು ಸಂಗಡಿಗರು ಈ ಕೊರತೆಯಿಂದ ನರಗಳ ಅಥವಾ ಮನಸ್ಸಿನ ತೊಂದರೆಗೊಳಗಾಗಿದ್ದ 141 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 40 ಮಂದಿಗೆ ರಕ್ತಹೀನತೆಯಾಗಲಿ, ರಕ್ತಕಣಗಳು ಹಿಗ್ಗಿದ ಲಕ್ಷಣವಾಗಲಿ ಇರಲೇ ಇಲ್ಲ. ಬರಿಯ ಫೋಲಿಕ್ ಆಮ್ಲದ ಮಾತ್ರೆಯನ್ನು ಕೊಡುತ್ತ ಹೋದರೆ ರಕ್ತವು ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಬಹಳ ತಡವಾದರೆ ಚುಚ್ಚುಮದ್ದಿನಿಂದಲೂ ಎಲ್ಲವೂ ಮರಳುವುದಿಲ್ಲ.

ಥೈರಾಯ್ಡ್ ಗ್ರಂಥಿಯ ಕಥೆಯೂ ಇಂತಹುದೇ. 1949ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಷರ್ ಎಂಬ ವೈದ್ಯರು, ಈ ಗ್ರಂಥಿಯ ರಸ ಕಡಿಮೆಯಾದುದರಿಂದ ಬುದ್ಧಿ ಕೆಟ್ಟವರೆನಿಸಿಕೊಂಡಿದ್ದ 14 ರೋಗಿಗಳ ವೃತ್ತಾಂತವನ್ನು ಬರೆದರು. ಗ್ರಂಥಿಯ ಔಷಧದಿಂದ ಅವರಲ್ಲಿ ಹೆಚ್ಚಿನವರು ಗುಣಮುಖರಾದರು. ಒಡೆದ ದನಿ, ಊದಿದ ಮುಖ, ಬೇಸಿಗೆಯಲ್ಲೂ ಚಳಿ, ಮಲಬದ್ಧತೆ, ಎಲ್ಲದರಲ್ಲೂ ಮಂದಗತಿ. ಇವುಗಳ ಜೊತೆಗೆ ಮನೆಯವರ ಮೇಲೆ ಅಪನಂಬಿಕೆ ಕಾಣಿಸಿದರೆ ಒಂದು ಸಣ್ಣ ರಕ್ತ ಪರೀಕ್ಷೆ ಸಾಕು. ಅದೇ ರಸ ಹೆಚ್ಚಾದಾಗಲೂ ಮನಸ್ಸು ಕದಡಬಹುದು.

ಇನ್ನು ಕೀಲಿಕೈಯ ಪತ್ರ. ಮರೆವಿನ ರೋಗದ ಆರಂಭದಲ್ಲಿ ಕಳವಿನ ಆರೋಪ ಬಹು ಸಾಮಾನ್ಯ. ವಸ್ತುವನ್ನು ತಾನೇ ಎತ್ತಿಟ್ಟ ನೆನಪು ಅಳಿಸಿಹೋಗಿರುತ್ತದೆ, ಆದರೆ ವಸ್ತು ಇಲ್ಲದಿರುವುದು ಕಣ್ಣಿಗೆ ಕಾಣುತ್ತಿರುತ್ತದೆ. ಆ ತೆರಪನ್ನು ಮನಸ್ಸು ಸಮೀಪದಲ್ಲಿರುವವರ ಹೆಸರಿನಿಂದ ತುಂಬಿಕೊಳ್ಳುತ್ತದೆ. ಹೆಚ್ಚು ಸೇವೆ ಮಾಡುವವರೇ ಹೆಚ್ಚು ಆರೋಪಕ್ಕೆ ಗುರಿಯಾಗುವುದು ಇದರಿಂದಲೇ. ಶೀಲಶಂಕೆಯ ಪತ್ರ ಬರೆದ ಸೋದರಿಗೆ ಒಂದು ಇತಿಹಾಸವನ್ನು ಹೇಳಬೇಕು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ಆಕೆಯಲ್ಲಿ ಮೊದಲು ಎದ್ದು ಕಂಡ ಬದಲಾವಣೆ ಗಂಡನ ಮೇಲಿನ ಮತ್ಸರದ ಸಂದೇಹ; ಮರೆವು ಬಲವಾಗಿ ಕಂಡುದು ಆಮೇಲೆ. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಆಕೆಯ ಮಿದುಳನ್ನು ಪರೀಕ್ಷಿಸಿ ವಿವರಿಸಿದ ವೈದ್ಯರೇ ಅಲೋಯ್ಸ್ ಆಲ್ಜೈಮರ್. ಇಂದು ಜಗತ್ತು ಆ ವೈದ್ಯರ ಹೆಸರಿನಿಂದ ಕರೆಯುವ ರೋಗದ ಮೊದಲ ದಾಖಲೆಯೇ ದಾಂಪತ್ಯದ ಶಂಕೆಯಿಂದ ಆರಂಭವಾಗುತ್ತದೆ. ಆಕೆಯ ಪತಿ ಆಗ ಎಷ್ಟು ನೊಂದಿರಬೇಕೆಂದು ನಾವು ಆಗಾಗ ಯೋಚಿಸುತ್ತೇವೆ. ಸೋದರಿಯ ಪತಿಗೆ ಇದೇ ರೋಗವಿದೆಯೆಂದು ನಾವು ಹೇಳುತ್ತಿಲ್ಲ. ಕುಡಿತದ ಚಟವುಳ್ಳವರಲ್ಲಿಯೂ, ಕಂಪವಾತಕ್ಕೆ ಔಷಧ ಸೇವಿಸುವವರಲ್ಲಿಯೂ ಇದೇ ಶಂಕೆ ಹುಟ್ಟುವುದುಂಟು. ಅವರು ಯಾವ ಯಾವ ಮಾತ್ರೆಗಳನ್ನು ನುಂಗುತ್ತಿದ್ದಾರೆಂಬ ಪಟ್ಟಿಯೇ ಮೊದಲು ಬೇಕಾದದ್ದು.

ಔಷಧಗಳೇ ಕಾರಣವಾಗುವುದು ನಾವು ತಿಳಿದುದಕ್ಕಿಂತ ಹೆಚ್ಚು. ಉಬ್ಬಸಕ್ಕೂ ಕೀಲುನೋವಿಗೂ ಕೊಡುವ ಸ್ಟೀರಾಯ್ಡ್ ಮಾತ್ರೆಗಳ ಬಗ್ಗೆ 1972ರಲ್ಲಿ ಬಾಸ್ಟನ್ನಿನ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ 40 ಮಿಲಿಗ್ರಾಂ ಮೀರದ ಪ್ರೆಡ್ನಿಸೋನ್ ತೆಗೆದುಕೊಂಡವರಲ್ಲಿ ನೂರಕ್ಕೆ 1.3 ಮಂದಿಗೆ ಮನೋವಿಕಾರ ಕಂಡರೆ, 80 ಮಿಲಿಗ್ರಾಂ ಮೀರಿದವರಲ್ಲಿ ಆ ಪ್ರಮಾಣ 18.4ಕ್ಕೆ ಏರಿತ್ತು. ಹಾಗೆಂದು ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಪ್ರಾಣಕ್ಕೇ ಎರವಾಗಬಹುದು; ಕಡಿಮೆ ಮಾಡುವುದು ವೈದ್ಯರ ಕೆಲಸ. ಗಾಂಜಾ, ಮತ್ತು ಹುಚ್ಚು ಹಿಡಿಸುವ ಉಮ್ಮತ್ತಿಯ ಬೀಜ, ಇವುಗಳ ಮಾತು ಬೇರೆ ಹೇಳಬೇಕಾಗಿಲ್ಲ. ಆದರೆ ಕುಡಿತವನ್ನು ಬಿಡಿಸುವ ಭರದಲ್ಲಿ ನಮ್ಮ ಭಕ್ತ ಕುಟುಂಬಗಳು ಮಾಡುವ ಒಂದು ಅಚಾತುರ್ಯವನ್ನು ಹೇಳಲೇಬೇಕು. ಹತ್ತಾರು ವರ್ಷ ನಿತ್ಯ ಕುಡಿದವನಿಂದ ಆಣೆ ಮಾಡಿಸಿ, ಜಾತ್ರೆಯ ದಿನವೇ ಪೂರ್ತಿ ಬಿಡಿಸುತ್ತಾರೆ. ಎರಡು ಮೂರು ದಿನಗಳಲ್ಲಿ ಆತನ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಗೋಡೆಯ ಮೇಲೆ ಹುಳುಗಳು ಹರಿದಾಡಿದಂತೆ ಕಾಣುತ್ತವೆ, ಯಾರೋ ಕೊಲ್ಲಲು ಬಂದರೆಂದು ಓಡತೊಡಗುತ್ತಾನೆ. ದೇವರ ಸಿಟ್ಟೆಂದು ಕಟ್ಟಿಹಾಕಿ ಕೂಡಿಸುವ ಹೊತ್ತು ಅದಲ್ಲ. ಅಂದೇ ಆಸ್ಪತ್ರೆಗೆ ಒಯ್ಯದಿದ್ದರೆ ಸಾವು ಸಂಭವಿಸಬಹುದು. ಆಣೆ ಒಳ್ಳೆಯದೇ, ವೈದ್ಯರನ್ನು ಕಂಡ ಮೇಲೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಅವಸರದ ಚಿಕಿತ್ಸೆ ಬೇಕಾದ ಇನ್ನೊಂದು ಸ್ಥಿತಿ ಮುಪ್ಪಿನ ಸನ್ನಿ. ನಿನ್ನೆಯವರೆಗೆ ನೆಟ್ಟಗಿದ್ದ ಅಜ್ಜ ಇಂದು ಸಂಜೆ ಮೊಮ್ಮಗನನ್ನು ಕಳ್ಳನೆಂದರೆ, ಬೆಳಿಗ್ಗೆ ಸರಿಯಾಗಿ ಮಾತಾಡಿ ರಾತ್ರಿ ಮತ್ತೆ ತಡಬಡಿಸಿದರೆ, ಅದು ಮೂತ್ರದ ಸೋಂಕೋ, ನೀರಿನ ಅಭಾವವೋ, ರಕ್ತದೊತ್ತಡದ ಮಾತ್ರೆಯಿಂದ ಉಪ್ಪಿನಂಶ ಇಳಿದುದೋ ಆಗಿರಬಹುದು. ಮುದುಕರಿಗೆ ಸೋಂಕಿದ್ದರೂ ಜ್ವರ ಬಾರದೆ ಇರಬಹುದೆಂಬುದನ್ನು ನೆನಪಿಡಬೇಕು.

ಬಾಣಂತಿಯರ ಸಂಗತಿ ಇದಕ್ಕಿಂತಲೂ ಎಚ್ಚರದ್ದು. ಹೆರಿಗೆಯಾದ ಮೊದಲೆರಡು ವಾರಗಳಲ್ಲಿ ನಿದ್ದೆಗೆಟ್ಟು, ಮಗು ಬದಲಾಗಿದೆ, ಅತ್ತೆ ಮಗುವನ್ನು ಕೊಲ್ಲಲು ಹೊಂಚುತ್ತಿದ್ದಾಳೆ ಎನ್ನತೊಡಗುವ ತಾಯಂದಿರುಂಟು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದು ಗಾಳಿ ಸೋಕಿತೆಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ರೋಗ. ಆದರೆ ಆ ದಿನಗಳಲ್ಲಿ ತಾಯಿ ಮಗುವನ್ನು ಒಬ್ಬೊಬ್ಬರನ್ನಾಗಿ ಬಿಡಲಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ಇಂತಹ ತಾಯಿ ಮತ್ತು ಮಗುವನ್ನು ಅಗಲಿಸದೆ ಉಪಚರಿಸುವ ವಿಭಾಗವೇ ಆರಂಭವಾಯಿತು.

ತರುಣರಲ್ಲಿ ಸಂಶಯಭ್ರಮೆ ಥಟ್ಟನೆ ತೋರಿದಾಗ ವೈದ್ಯರೂ ಸ್ಕಿಜೋಫ್ರೇನಿಯಾ ಎಂದೇ ಮೊದಲು ಎಣಿಸುವುದು ಸಹಜ. ದೇಹದ ರಕ್ಷಕ ಶಕ್ತಿಯೇ ದಾರಿತಪ್ಪಿ ಮಿದುಳಿನ ಮೇಲೆ ಎರಗುವ ಒಂದು ಉರಿಯೂತವನ್ನು 2007ರಲ್ಲಿ ಜೋಸೆಪ್ ದಾಲ್ಮೌ ಎಂಬ ವೈದ್ಯರು ಗುರುತಿಸಿದರು. ಅದು ಎಳೆಯ ಹೆಣ್ಣುಮಕ್ಕಳಲ್ಲಿ ಹೆಚ್ಚು. ನ್ಯೂಯಾರ್ಕಿನ ಪತ್ರಕರ್ತೆ ಸುಸಾನಾ ಕಹಲನ್ 2009ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಇದಕ್ಕೆ ತುತ್ತಾದರು. ಮನೆಯ ತುಂಬ ತಿಗಣೆಗಳಿವೆ ಎಂಬ ಅಂಜಿಕೆಯಿಂದ ಆರಂಭವಾಗಿ ಹೆತ್ತವರನ್ನೂ ನಂಬದ ಸ್ಥಿತಿಗೆ ಬಂದು, ಅಪಸ್ಮಾರವೂ ಕಾಣಿಸಿಕೊಂಡಿತು. ಡಾಕ್ಟರ್ ನಜ್ಜರ್ ಎಂಬವರು ಆಕೆಯ ಕೈಗೆ ಕಾಗದ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಆಕೆ ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲಿಯೇ ತುರುಕಿದರು. ತೊಂದರೆ ಮಿದುಳಿನ ಬಲಭಾಗದಲ್ಲಿದೆಯೆಂದು ಆ ಚಿತ್ರವೇ ಸೂಚಿಸಿತು. ಚಿಕಿತ್ಸೆಯಿಂದ ಗುಣವಾಗಿ, ಆಕೆ 2012ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಜ್ವರ, ಮೂರ್ಛೆ, ಮುಖದ ವಿಚಿತ್ರ ಚಲನೆ, ಮಾತು ನಿಂತುಹೋಗುವುದು, ಇವು ಸಂಶಯದ ಜೊತೆಗೆ ಬಂದರೆ ನರರೋಗ ತಜ್ಞರನ್ನು ಕಾಣಲು ತಡಮಾಡಬಾರದು.

ದೇಹವೆಲ್ಲ ಸರಿಯಿದ್ದೂ ಮನಸ್ಸೇ ಶಂಕೆಗೆ ನೆಲೆಯಾಗುವುದೂ ಇದೆ. ಆಳವಾದ ಖಿನ್ನತೆ, ಅತಿಯಾದ ಉನ್ಮಾದ, ಹಿಂದೆ ಅನುಭವಿಸಿದ ಹಿಂಸೆಯ ಗಾಯ, ಹಲವು ರಾತ್ರಿಗಳ ನಿದ್ರಾಭಂಗ, ಒಂಟಿತನ, ಇವೆಲ್ಲ ಅದಕ್ಕೆ ನೀರೆರೆಯುತ್ತವೆ. 2008ರಲ್ಲಿ ಪ್ರಕಟವಾದ ಡೇನಿಯಲ್ ಫ್ರೀಮನ್ ಅವರ ಪ್ರಯೋಗದಲ್ಲಿ 200 ಮಂದಿ ಸಾಮಾನ್ಯ ನಾಗರಿಕರಿಗೆ ಕಂಪ್ಯೂಟರ್ ಸೃಷ್ಟಿಸಿದ ಲಂಡನ್ ರೈಲಿನಲ್ಲಿ ಪ್ರಯಾಣ ಮಾಡಿಸಿದರು. ಬೊಂಬೆಯಂತಹ ಸಹಪ್ರಯಾಣಿಕರು ಏನೂ ಮಾಡಿರಲಿಲ್ಲ. ಆದರೂ ನೂರಕ್ಕೆ 40ಕ್ಕೂ ಮಿಗಿಲಾದವರಿಗೆ ಅವರ ಮೇಲೆ ಒಂದಿಷ್ಟಾದರೂ ಗುಮಾನಿ ಹುಟ್ಟಿತು. ಈ ಬೀಜ ನಮ್ಮೆಲ್ಲರಲ್ಲೂ ಇದೆ ಎಂದಾಯಿತು.

ಕಿವುಡುತನವನ್ನು ನಾವು ಬೇರೆಯಾಗಿಯೇ ಹೇಳಬಯಸುತ್ತೇವೆ. ಅರವತ್ತು ದಾಟಿದ ಮೇಲೆ ನಮಗೂ ಎಡಗಿವಿ ಮಂದವಾಗಿದೆ. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಮತ್ತು ಸಂಗಡಿಗರು ಕೆಲವು ವಿದ್ಯಾರ್ಥಿಗಳಿಗೆ ಸಂಮೋಹನದ ಮೂಲಕ ತಾತ್ಕಾಲಿಕವಾಗಿ ಕಿವಿ ಮಂದವಾಗುವಂತೆ ಮಾಡಿದರು. ತಮಗೆ ಕೇಳಿಸದಿರುವ ಕಾರಣ ತಿಳಿದಿದ್ದವರು ಸುಮ್ಮನಿದ್ದರು. ಕಾರಣ ತಿಳಿಯದವರು ಎದುರಿನವರು ಪಿಸುಗುಟ್ಟುತ್ತಿದ್ದಾರೆಂದು ಎಣಿಸಿ ಸಿಡಿಮಿಡಿಗೊಂಡು ಸಂದೇಹ ತಾಳಿದರು. ಮನೆಯ ಪಡಸಾಲೆಯಲ್ಲಿ ಎಲ್ಲರೂ ನಗುವಾಗ ಮುದುಕರೊಬ್ಬರು “ನನ್ನ ಮ್ಯಾಲ ನಗ್ತೀರೇನು?” ಎಂದು ಗದರಿದರೆ, ಅವರ ಕಿವಿ ಪರೀಕ್ಷೆ ಆಗಿದೆಯೇ ಎಂದು ಯೋಚಿಸಬೇಕು. ಮಕ್ಕಳೊಡನಿರಲು ಅಮೆರಿಕಕ್ಕೋ ಬೆಂಗಳೂರಿನ ಬಹುಮಹಡಿ ಮನೆಗೋ ಹೋದ ಹಿರಿಯರಿಗೆ ಕಿವಿಯ ಮಂದತೆಯ ಜೊತೆಗೆ ಸುತ್ತಲಿನ ಭಾಷೆಯೂ ಅಪರಿಚಿತವಾದರೆ ಈ ಕಷ್ಟ ಇಮ್ಮಡಿಯಾಗುತ್ತದೆ.

ಇಷ್ಟೆಲ್ಲ ಹೇಳಿದರೂ, ಆರೋಪ ಮಾಡಿದವರೆಲ್ಲ ರೋಗಿಗಳಲ್ಲ. 1972ರಲ್ಲಿ ಅಮೆರಿಕದ ವಾಟರ್‌ಗೇಟ್ ಹಗರಣದ ಕಾಲಕ್ಕೆ ಮಾರ್ಥಾ ಮಿಚೆಲ್ ಎಂಬ ಮಹಿಳೆ ಆಳುವವರ ಅಕ್ರಮಗಳ ಬಗ್ಗೆಯೂ ತನ್ನನ್ನು ಬಲಾತ್ಕಾರದಿಂದ ಕೂಡಿಟ್ಟ ಬಗ್ಗೆಯೂ ಹೇಳಿದಾಗ ಆಕೆಯನ್ನು ಬುದ್ಧಿಭ್ರಮಣೆಯವಳೆಂದರು. ಆಮೇಲೆ ಆ ಮಾತುಗಳು ನಿಜವೆಂದು ತಿಳಿಯಿತು. ಮುದುಕರ ಹಣವನ್ನು ನಿಜವಾಗಿಯೂ ಲಪಟಾಯಿಸುವ ಮಕ್ಕಳಿದ್ದಾರೆ. ನಿಜವಾಗಿಯೂ ಕಿರುಕುಳಕ್ಕೊಳಗಾದ ಸೊಸೆಯರನ್ನು ಹುಚ್ಚಿಯರೆಂದು ಸಾರುವ ಮನೆಗಳೂ ಇವೆ. ಮೊದಲು ಮಾತನ್ನು ಸಾವಧಾನವಾಗಿ ಕೇಳಿ, ಸಂಗತಿಯನ್ನು ಶಾಂತವಾಗಿ ವಿಚಾರಿಸಿ, ಆಮೇಲೆ ವೈದ್ಯರ ಬಳಿಗೆ ಹೋಗುವುದು ಸರಿಯಾದ ಕ್ರಮ.

ಪತ್ರ ಬರೆದ ಮೂವರಿಗೂ ಈಗ ಕಾರ್ಯರೂಪದ ಮಾತು. ಹಿರಿಯರೊಡನೆ ವಾದಕ್ಕೆ ನಿಲ್ಲಬೇಡಿರಿ. ಹೌದೆಂದು ಒಪ್ಪಿಕೊಂಡು ನಟಿಸಲೂ ಬೇಡಿರಿ. “ನಿಮಗೆ ಅಂಜಿಕೆಯಾಗಿದೆ, ನಾವು ಜೊತೆಗಿದ್ದೇವೆ” ಎಂಬಷ್ಟು ಸಾಕು. ಹುಚ್ಚಿನ ಆಸ್ಪತ್ರೆಗೆಂದು ಹೇಳದೆ, ಅವರೇ ದೂರುತ್ತಿರುವ ನಾಲಿಗೆಯ ಉರಿಗೋ ನಿದ್ದೆಗೇಡಿಗೋ ಔಷಧ ತರೋಣವೆಂದು ಕರೆದೊಯ್ದರೆ ಅದು ಸುಳ್ಳೂ ಅಲ್ಲ. ಬದಲಾವಣೆ ಯಾವ ತಿಂಗಳಲ್ಲಿ ಶುರುವಾಯಿತು, ಹೊತ್ತಿನಿಂದ ಹೊತ್ತಿಗೆ ಏರಿಳಿತವಿದೆಯೇ, ಕಿವಿ ಕಣ್ಣು ಹೇಗಿವೆ, ಏನು ಕುಡಿಯುತ್ತಾರೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ನಾಟಿ ಔಷಧವೂ ಸೇರಿ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಮೂತ್ರದ ಪರೀಕ್ಷೆಗಳ ಬಗ್ಗೆ ಮೊದಲು ಸಾಮಾನ್ಯ ವೈದ್ಯರನ್ನೇ ಕೇಳಬಹುದು. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಗಳಲ್ಲಿ ಏನೂ ಕಾಣದೆ ಹೋದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಸ್ಕಿಜೋಫ್ರೇನಿಯಾವೇ ಆಗಿದ್ದರೂ ಅದಕ್ಕೂ ಔಷಧವಿದೆ. ಅದುವರೆಗೆ ಮನೆಯ ಯಾರಿಂದಲೂ ತುತ್ತು ಉಣಿಸಿ ಪರೀಕ್ಷೆ ಮಾಡಿಸಬೇಡಿರಿ.